ಕೈಲ್ ಪೊಳ್ದ್ ಭಿತ್ತಿಪತ್ರಕ್ಕೆ ಯಾವ ಅಕ್ಷರ: ಕೂಪರ್ ಬ್ಲ್ಯಾಕೋ, ಅಬ್ರಿಲ್ ಫ್ಯಾಟ್‌ಫೇಸೋ?

ಕೊಡವರ ಆಯುಧಪೂಜೆಯ ಹಬ್ಬವಾದ ಕೈಲ್ ಪೊಳ್ದ್‌ಗೆ ನಮ್ಮೂರಿನಲ್ಲಿ ನಡೆಯುವ ಕ್ರೀಡಾಕೂಟದ ಭಿತ್ತಿಪತ್ರವು ಹಳೆಯ ಕಾಲದ ಪೋಸ್ಟರಿನಂತೆ ದೂರದಿಂದಲೇ ಕಣ್ಣು ಸೆಳೆಯಬೇಕೆಂಬ ಆಸೆಯಿಂದ, ಇಂಗ್ಲಿಷ್ ಸಾಲಿಗೆ ಎರಡು ದಪ್ಪ ಸೆರಿಫ್ (ಗೆರೆಗಳ ತುದಿಯಲ್ಲಿ ಚಿಕ್ಕ ಚಾಚುಗಳಿರುವ) ಫಾಂಟ್‌ಗಳನ್ನು ಒಂದೇ ವಿನ್ಯಾಸದಲ್ಲಿ ಕೂರಿಸಿ, ಮಡಿಕೇರಿಯ ಜೆರಾಕ್ಸ್ ಅಂಗಡಿಯೊಂದರಲ್ಲಿ ಎ3 ಹಾಳೆಗಳ ಮೇಲೆ ಪ್ರತಿ ತೆಗೆಸಿದೆ. ಅವನ್ನು ಬಸ್ ತಂಗುದಾಣದ ಗೋಡೆಗೆ ಅಕ್ಕಪಕ್ಕದಲ್ಲಿ ಅಂಟಿಸಿ, ಆಗಸ್ಟ್ ಕೊನೆಯ ಮಂಜಿನಲ್ಲಿ ರಸ್ತೆಯ ಆಚೆ ಬದಿಯಿಂದ ಓದಿ ನೋಡಿದೆ.

ಹತ್ತಿರದಿಂದ ಅಬ್ರಿಲ್ ಫ್ಯಾಟ್‌ಫೇಸೇ ಚೆಂದ. ವೆರೋನಿಕಾ ಬುರಿಯಾನ್ ಮತ್ತು ಹೊಸೆ ಸ್ಕಾಲಿಯೋನೆ ಅವರ ಟೈಪ್‌ಟುಗೆದರ್ ಸಂಸ್ಥೆ ರೂಪಿಸಿದ ಈ ಫಾಂಟ್‌ಗೆ 19ನೇ ಶತಮಾನದ ಬ್ರಿಟನ್ ಮತ್ತು ಫ್ರಾನ್ಸ್‌ನ ಜಾಹೀರಾತು ಪೋಸ್ಟರುಗಳ ಭಾರವಾದ ಶೀರ್ಷಿಕೆಗಳೇ ಪ್ರೇರಣೆ. ನಿಂತ ಗೆರೆಗಳು ಕಂಬದಷ್ಟು ದಪ್ಪ, ಅವುಗಳನ್ನು ಕೂಡಿಸುವ ಗೆರೆಗಳು ಕೂದಲಿನಷ್ಟು ತೆಳು. ಅದರ ಗಾಂಭೀರ್ಯವೆಲ್ಲ ಈ ವ್ಯತ್ಯಾಸದಲ್ಲಿದೆ, ನನಗೆ ಎದುರಾದ ತೊಂದರೆಯೂ ಅಲ್ಲೇ ಇದೆ. ‘ಕೂರ್ಗ್’ (Coorg) ಎಂಬ ಪದದ ಎರಡು ದುಂಡಕ್ಷರಗಳ ಮೇಲಿನ ಮತ್ತು ಕೆಳಗಿನ ತೆಳುಗೆರೆಗಳು ಪ್ರತಿ ತೆಗೆಯುವಾಗಲೇ ಅಲ್ಲಲ್ಲಿ ಕಡಿದವು. ಮಂಜಿನಲ್ಲಂತೂ ಆ ಅಕ್ಷರಗಳು ಎರಡು ಜೋಡಿ ಆವರಣ ಚಿಹ್ನೆಗಳಂತೆ ಕಂಡವು.

ಆಸ್ವಲ್ಡ್ ಕೂಪರ್ ಬರೆದು, ಷಿಕಾಗೊದ ಬಾರ್ನ್‌ಹಾರ್ಟ್ ಬ್ರದರ್ಸ್ ಅಂಡ್ ಸ್ಪಿಂಡ್ಲರ್ ಅಚ್ಚುಮೊಳೆ ಕಾರ್ಖಾನೆಯು 1922ರಲ್ಲಿ ಹೊರತಂದ ಕೂಪರ್ ಬ್ಲ್ಯಾಕ್‌ನಲ್ಲಿ ಕಡಿದುಹೋಗುವಂಥ ತೆಳುಗೆರೆಯೇ ಇಲ್ಲ. ಅದರ ಸೆರಿಫ್‌ಗಳ ತುದಿಗಳು ಮಳೆಯಲ್ಲಿ ನೆಂದು ಉಬ್ಬಿದ ಕಾಳಿನಂತೆ ದುಂಡಗಿವೆ, ಅಕ್ಷರಗಳ ಒಳಗಿನ ಬಿಳಿ ಜಾಗ ತುಸು ಹಿಂದಕ್ಕೆ ವಾಲಿದೆ. ಮಂಜಿನಲ್ಲಿಯೂ ಇಡೀ ಸಾಲನ್ನು ತಡವರಿಸದೆ ಓದಿದೆ. ಆದರೆ ಸಣ್ಣ ಗಾತ್ರದಲ್ಲಿ ಆ ಬಿಳಿ ಜಾಗ ಮುಚ್ಚಿಹೋಗುವುದರಿಂದ, ದಿನಾಂಕ, ಸ್ಥಳಗಳ ವಿವರಕ್ಕೆ ಇದನ್ನು ಬಳಸಲೇಬಾರದು.

ಈ ಎರಡರಲ್ಲಿಯೂ ಕನ್ನಡ ಲಿಪಿಯಿಲ್ಲ. ನಮ್ಮ ಓದುಗರಿಗೆ ಕನ್ನಡದ ಸಾಲೇ ಮೊದಲನೆಯದಾದ್ದರಿಂದ, ಜೊತೆಯಲ್ಲಿ ನಿಲ್ಲುವ ಕನ್ನಡ ಫಾಂಟ್ ಯಾವುದೆಂಬುದೇ ನನಗೆ ಮುಖ್ಯ ಪ್ರಶ್ನೆಯಾಯಿತು. ಅಬ್ರಿಲ್ ಜೊತೆಗೆ ನೋಟೋ ಸೆರಿಫ್ ಕನ್ನಡದ ಅತಿ ದಪ್ಪ ರೂಪವನ್ನೂ, ಕೂಪರ್ ಜೊತೆಗೆ ಏಕ್ ಟೈಪ್ ಸಂಸ್ಥೆಯ ಬಲೂ ತಮ್ಮ 2 ಫಾಂಟಿನ ಎಕ್ಸ್‌ಟ್ರಾ ಬೋಲ್ಡನ್ನೂ ಇಟ್ಟೆ. ಪರೀಕ್ಷೆಗೆ ಆರಿಸಿದ ಪದ, ತೆಂಗಿನಕಾಯಿಗೆ ಗುಂಡು ಹೊಡೆಯುವ ‘ಸ್ಪರ್ಧೆ’: ಅದರಲ್ಲಿ ಒತ್ತಕ್ಷರವೂ ಇದೆ, ಅರ್ಕಾವತ್ತೂ ಇದೆ. ನೋಟೋದಲ್ಲಿ ಈ ಪದ ಅಚ್ಚುಕಟ್ಟಾಗಿದ್ದರೂ ಅಬ್ರಿಲ್‌ನ ಕಂಬಗಳ ಪಕ್ಕದಲ್ಲಿ ಪಠ್ಯಪುಸ್ತಕದ ಶೀರ್ಷಿಕೆಯಂತೆ ಸಪ್ಪೆಯಾಗಿತ್ತು. ಬಲೂ ತಮ್ಮ ಸೆರಿಫ್ ಅಲ್ಲ, ನಿಜ. ಆದರೂ ಅದರ ತಲಕಟ್ಟಿನ ದುಂಡು ತುದಿ ಕೂಪರ್‌ನ ದುಂಡು ಸೆರಿಫ್‌ಗೆ ಒಡಹುಟ್ಟಿದಂತೆ ಹೊಂದಿಕೊಂಡಿತು. ದುಂಡಗಿರುವುದು ಕನ್ನಡ ಲಿಪಿಯ ಸಹಜ ಗುಣ. ಅದಕ್ಕೆ ಜೊತೆಯಾಗುವ ಇಂಗ್ಲಿಷ್ ಅಕ್ಷರವೂ ದುಂಡಗಿದ್ದರೆ ಎರಡೂ ಒಂದೇ ಕೈಯಲ್ಲಿ ಬರೆದಂತೆ ಕಾಣುತ್ತವೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಹಾಗಾಗಿ ಭಿತ್ತಿಪತ್ರಕ್ಕೆ ಕೂಪರನ್ನೇ ಆರಿಸಿದೆ. ಮೊದಲ ಪ್ರತಿಯಲ್ಲಿ ‘ಪೊಳ್ದ್’ ಪದದ ಒತ್ತು ಕೆಳಗಿನ ಇಂಗ್ಲಿಷ್ ಸಾಲಿಗೆ ತಾಗುತ್ತಿದ್ದುದರಿಂದ, ಕನ್ನಡವನ್ನು 120 ಪಾಯಿಂಟ್‌ನಲ್ಲಿಯೇ ಉಳಿಸಿ, ಇಂಗ್ಲಿಷನ್ನು 72ಕ್ಕೆ ಇಳಿಸಿ, ನಡುವಿನ ಅಂತರವನ್ನು ಹೆಚ್ಚಿಸಿದೆ. ಅಬ್ರಿಲನ್ನು ನಮ್ಮ ಮನೆಯ ಜೇನಿನ ಬಾಟಲಿಯ ಚೀಟಿಗೆ ಇಟ್ಟುಕೊಂಡಿದ್ದೇನೆ. ಅಲ್ಲಿ ಓದುವವರು ಅದನ್ನು ಕೈಯಲ್ಲಿ ಹಿಡಿದೇ ನೋಡುತ್ತಾರೆ.