ವಚನದ ಪಾಠಾಂತರ ನೋಡಲು ವರ್ಡ್, ಮೆಲ್ಡ್, ಕೊಲೇಟ್‌ಎಕ್ಸ್: ನನ್ನ ಆಯ್ಕೆ ಯಾವುದು?

ಒಂದೇ ವಚನದ ಮೂರ್ನಾಲ್ಕು ಪಾಠಗಳು, ಅಂದರೆ ಬೇರೆ ಬೇರೆ ಪುಸ್ತಕಗಳಲ್ಲಿ ತುಸು ಬದಲಾಗಿ ಸಿಗುವ ರೂಪಗಳು, ಕೈಯಲ್ಲಿದ್ದರೆ ನಾನು ತೆರೆಯುವುದು ಪಾಠಗಳನ್ನು ಹೋಲಿಸುವ ಉಚಿತ ತಂತ್ರಾಂಶ ಕೊಲೇಟ್‌ಎಕ್ಸ್. ವರ್ಡ್‌ನ ‘ಕಂಪೇರ್’ ಸೌಲಭ್ಯ, ಕಡತ ಹೋಲಿಸುವ ಮೆಲ್ಡ್ ತಂತ್ರಾಂಶ ಎರಡನ್ನೂ ಬಳಸಿ ನೋಡಿದ ಮೇಲೆ ಹೇಳುವ ಮಾತಿದು.

ವರ್ಡ್ ಸುಲಭ, ಆದರೆ ಸಲಕ್ಕೆ ಎರಡೇ ಕಡತ. ಒಂದನ್ನು ಮೂಲ ಅಂತ ಹಿಡಿದು ಇನ್ನೊಂದನ್ನು ಅದರ ತಿದ್ದುಪಡಿಯಾಗಿ ತೋರಿಸುತ್ತದೆ. ಕರಾರು ಪತ್ರಕ್ಕೆ ಅದು ಸರಿ. ವಚನದಲ್ಲಿ ಮೂಲ ಯಾವುದು ಅನ್ನುವುದೇ ಪ್ರಶ್ನೆ ಅಲ್ವಾ?

ಮೆಲ್ಡ್ ಉಚಿತ, ಮೂರು ಕಡತ ಅಕ್ಕಪಕ್ಕ ಇಡಬಹುದು. ಆದರೆ ಹೋಲಿಸುವುದು ಸಾಲಿಗೆ ಸಾಲು. ಒಂದು ಪುಸ್ತಕದಲ್ಲಿ ವಚನ ಗದ್ಯದಂತೆ ಓಡುತ್ತದೆ, ಇನ್ನೊಂದರಲ್ಲಿ ಸಾಲು ಒಡೆದಿರುತ್ತದೆ. ಒಂದು ಪದವೂ ಬದಲಾಗದಿದ್ದರೂ ಪರದೆ ತುಂಬ ವ್ಯತ್ಯಾಸ ತೋರಿಸುವ ಬಣ್ಣ.

ಕೊಲೇಟ್‌ಎಕ್ಸ್ ಪದಕ್ಕೆ ಪದ ಜೋಡಿಸಿ ಕೋಷ್ಟಕ ಕೊಡುತ್ತದೆ. ಪ್ರತಿ ಪಾಠಕ್ಕೂ ಒಂದು ಸಾಲು, ಪದ ಬಿಟ್ಟುಹೋದ ಕಡೆ ಖಾಲಿ. ಬೇಕಿದ್ದರೆ ಚಿತ್ರವನ್ನೂ ಬಿಡಿಸುತ್ತದೆ: ಪಾಠಗಳು ಒಪ್ಪುವಲ್ಲಿ ಒಂದೇ ದಾರಿ, ಒಪ್ಪದಲ್ಲಿ ಕವಲು. ಯಾವ ಪಾಠಕ್ಕೂ ಮೇಲುಗೈ ಇಲ್ಲ.

ತೊಡಕು ಬರುವುದು ಕನ್ನಡ ಹಾಕಿದಾಗ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿರುವ ಅದರ ಆವೃತ್ತಿ ತಾನಾಗಿ ಪದ ಬಿಡಿಸುವಾಗ ಕಾಗುಣಿತದ ಗುರುತು, ಅನುಸ್ವಾರಗಳನ್ನು ಅಕ್ಷರ ಅಂತ ಎಣಿಸುವುದಿಲ್ಲ. ‘ಕೂಡಲಸಂಗಮದೇವ’ ಏಳು ಚೂರಾಗುತ್ತದೆ! ಕ ಒಂದು ಕಡೆ, ಅದರ ದೀರ್ಘ ಇನ್ನೊಂದು ಕಡೆ. ಆ ಕೋಷ್ಟಕ ಓದಲು ಆಗುವುದೇ ಇಲ್ಲ. ಪರಿಹಾರ ಇಷ್ಟೇ: ಖಾಲಿ ಜಾಗ ನೋಡಿ ಪದಗಳನ್ನು ನಾವೇ ಬಿಡಿಸಿ, ಜೇಸನ್ (ಮಾಹಿತಿಯನ್ನು ಪಟ್ಟಿಯಾಗಿ ಬರೆದಿಡುವ ಒಂದು ಪಠ್ಯ ವಿನ್ಯಾಸ) ರೂಪದಲ್ಲಿ ಕೊಡಬೇಕು.

ಹಾಗೆ ಕೊಡುವಾಗ ಪ್ರತಿ ಪದಕ್ಕೂ ಎರಡು ರೂಪ ಬರೆಯಬಹುದು. ಒಂದು ಪುಸ್ತಕದಲ್ಲಿ ಇದ್ದಂತೆ, ಇನ್ನೊಂದು ಹೋಲಿಕೆಗೆ ಮಾತ್ರ. ನನಗೆ ಇದು ಇಷ್ಟವಾಗಿದ್ದೇ ಇಲ್ಲಿ. ಟೈಪ್ ಮಾಡುವವರು ಅನುಸ್ವಾರದ ಬದಲು ಅಂಕಿಯ ೦ ಒತ್ತಿರುತ್ತಾರೆ. ‘ಕೊ’ ಒಂದು ಕಡೆ ಒಂದೇ ಗುರುತಿನಿಂದ, ಇನ್ನೊಂದು ಕಡೆ ಎರಡು ಗುರುತು ಸೇರಿ ಆಗಿರುತ್ತದೆ. ಅರ್ಕಾವತ್ತಿನ ಹತ್ತಿರ ಅಕ್ಷರ ಜೋಡಣೆಯನ್ನು ನಿಯಂತ್ರಿಸುವ, ಕಣ್ಣಿಗೆ ಕಾಣದ ಜೋಡಕ ಚಿಹ್ನೆ ಕೂತಿರುತ್ತದೆ. ಇವನ್ನೆಲ್ಲ ಎರಡನೇ ರೂಪದಲ್ಲಿ ಸರಿಮಾಡಿದರೆ ಸುಳ್ಳು ಪಾಠಾಂತರ ಮಾಯ. ಪುಸ್ತಕದ ರೂಪಕ್ಕೆ ಕೈ ಹಚ್ಚಿದಂತೆಯೂ ಆಗುವುದಿಲ್ಲ.

‘ಕೂಡಲ ಸಂಗಮದೇವ’ ಅಂತ ಬಿಡಿಸಿ ಬರೆದಿದ್ದರೆ ಮಾತ್ರ ಇನ್ನೂ ವ್ಯತ್ಯಾಸವಾಗಿ ಕಾಣುತ್ತದೆ. ಅದನ್ನು ಕಣ್ಣಲ್ಲೇ ನೋಡಿ ಬಿಡುತ್ತೇನೆ.

ಎರಡೇ ಪಾಠ, ಪೈಥಾನ್ ಸಹವಾಸ ಬೇಡ ಅನ್ನುವವರಿಗೆ ವರ್ಡ್ ಸಾಕು. ನಾನು ತಂತ್ರಾಂಶಕ್ಕೆ ದುಡ್ಡು ಖರ್ಚು ಮಾಡುವವನಲ್ಲ, ನನ್ನ ಹತ್ತಿರ ಪಾಠಗಳು ಯಾವಾಗಲೂ ಮೂರಕ್ಕಿಂತ ಜಾಸ್ತಿ. ಪದ ಬಿಡಿಸುವ ಪುಟ್ಟ ಸ್ಕ್ರಿಪ್ಟ್ ಒಮ್ಮೆ ಬರೆದಿಟ್ಟರೆ ಮುಂದಿನ ವಚನಕ್ಕೂ ಅದೇ ನಡೆಯುತ್ತದೆ.