ಚಿಂಚಿಲ್ಲಾ ಸ್ನಾನದ ಪುಡಿ ಅಂತ ನನಗೆ ರಂಗೋಲಿ ಪುಡಿ ಮಾರಿದ್ದಾನೆ, ಹುಷಾರು

ಬರೆಯೋಕೆ ನಾಚಿಕೆ ಆಗುತ್ತಿದೆ. ಆದರೆ ಅವನು ಇನ್ನೂ ಮಾರುತ್ತಲೇ ಇದ್ದಾನೆ. ನಿನ್ನೆ ರಾತ್ರಿ ಕೂಡ ಸಾಕುಪ್ರಾಣಿಗಳ ವಾಟ್ಸಾಪ್ ಗುಂಪಿನಲ್ಲಿ ಅದೇ ಪ್ಯಾಕೆಟ್ಟಿನ ಫೋಟೋ ಹಾಕಿದ್ದ. ಅದಕ್ಕೇ ಬರೆಯುತ್ತಿದ್ದೇನೆ.

ಚಿಂಚಿಲ್ಲಾ ಅಂದರೆ ಇಲಿ ಜಾತಿಯ, ದಟ್ಟ ಕೂದಲಿನ ಪುಟ್ಟ ಪ್ರಾಣಿ. ನಮ್ಮನೆಯದರ ಹೆಸರು ಗುಂಡ. ಸಾಕಿದವರಿಗೆ ಗೊತ್ತಿರುತ್ತೆ, ಇವಕ್ಕೆ ನೀರಿನ ಸ್ನಾನ ಆಗಲ್ಲ. ಒಂದೊಂದು ಬುಡದಿಂದ 50ಕ್ಕೂ ಜಾಸ್ತಿ ಕೂದಲು. ಒದ್ದೆಯಾದರೆ ಒಳಗೆ ಒಣಗೋದೇ ಕಷ್ಟ, ಫಂಗಸ್ ಹಿಡಿಯುತ್ತೆ. ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟದ ಕಡೆಯ ಪ್ರಾಣಿ ಇದು, ಬೂದಿಯಷ್ಟು ನುಣ್ಣನೆ ಧೂಳಿನಲ್ಲಿ ಹೊರಳಾಡಿಯೇ ಮೈ ಜಿಡ್ಡು ಕಳೆದುಕೊಳ್ಳುತ್ತೆ. ಚಿಕ್ಕಮಗಳೂರಿನ ಜುಲೈ ಮಳೆಯಲ್ಲಿ ನಮ್ಮ ಬಟ್ಟೆಯೇ ಮೂರು ದಿನ ಒಣಗಲ್ಲ, ಇನ್ನು ಗುಂಡನ ಕೂದಲು ಕೇಳಬೇಡಿ, ಗಂಟು ಗಂಟು. ಅಂಥ ಹೊತ್ತಿಗೇ ಹಳೇ ಪುಡಿ ಖಾಲಿ ಆಗಿತ್ತು.

ಆ ವಾಟ್ಸಾಪ್ ಗುಂಪಿನವನ ಹತ್ತಿರ ತರಿಸಿದೆ, ಒಂದು ಕೆಜಿಗೆ 1,450 ರೂಪಾಯಿ. 'ಇಂಪೋರ್ಟೆಡ್ ಮೇಡಂ, ಪ್ಯೂರ್ ಜ್ವಾಲಾಮುಖಿ ಬೂದಿ' ಅಂದ. ದುಡ್ಡು ಮೊದಲೇ ಹಾಕಿದೆ. ಹೌದು, ಮೊದಲೇ ಹಾಕಿದೆ. ಬೈಯ್ಯೋರು ಬೈಯ್ಯಿರಿ.

ಗುಂಡ ಬಟ್ಟಲಿಗೆ ಇಳಿದ, ಮೂಸಿದ, ಎರಡು ಸಲ ಸೀನಿ ಹೊರಗೆ ಹಾರಿದ. ಹಳೇ ಪುಡಿ ಕಂಡರೆ ಬಟ್ಟಲು ಕೆಳಗಿಡೋಕೂ ಬಿಡದವನು! ಮಾರಿದವನಿಗೆ ಮೆಸೇಜ್ ಮಾಡಿದೆ. 'ಅಭ್ಯಾಸ ಇಲ್ಲ ಮೇಡಂ, ಬಟ್ಟಲು ದಿನವಿಡೀ ಗೂಡಲ್ಲೇ ಬಿಡಿ, ಕಲಿಯುತ್ತೆ' ಅಂತ ಉತ್ತರ. ಸ್ನಾನ ಮುಗಿದ ಮೇಲೆ ಬಟ್ಟಲು ತೆಗೀಬೇಕು ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೂ ಅವನ ಮಾತು ಕೇಳಿದೆ. ಗುಂಡ ಅದರಲ್ಲೇ ಉಚ್ಚೆ ಮಾಡಿ, ಅದರಲ್ಲೇ ಮಲಗಿದ. ಮೂರನೇ ದಿನ ಒಂದು ಕಣ್ಣು ಮುಚ್ಚಿಕೊಂಡು ನೀರು ಸುರಿಸುತ್ತಾ ಕೂತಿದ್ದ.

ಅಮ್ಮ ಬಂದು ಪ್ಯಾಕೆಟ್ಟಿಗೆ ಕೈ ಹಾಕಿದರು. ಹೆಬ್ಬೆರಳು ತೋರುಬೆರಳಿನ ನಡುವೆ ಚಿಟಿಕೆ ಹಿಡಿದು ನೆಲದ ಮೇಲೆ ಸುಮ್ನೆ ಎಳೆದರು. ಬಿಳೀ ಗೆರೆ, ನೆಟ್ಟಗೆ, ಎಲ್ಲೂ ಕಡಿಯದೆ. 'ಇದು ರಂಗೋಲಿ ಪುಡಿ ಕಣೇ' ಅಂದರು. ನಾನು ನಗಲಿಲ್ಲ. ಅಡುಗೆಮನೆಯಿಂದ ನಿಂಬೆಹಣ್ಣು ತಂದು ಹಿಂಡಿದೆ. ಬುಸುಬುಸು ಅಂತ ನೊರೆ ಬಂತು. ಸುಣ್ಣದ ಕಲ್ಲು! ಬೂದಿ ಎಲ್ಲಾದರೂ ಹಾಗೆ ನೊರೆ ಕಕ್ಕುತ್ತಾ? ನಾಲ್ಕು ದಿನ ನನ್ನ ಗುಂಡನನ್ನು ಇದರಲ್ಲಿ ಬಿಟ್ಟಿದ್ದೆ.

ನೊರೆಯ ವಿಡಿಯೋ ಕಳಿಸಿದೆ. ಮೊದಲ ಉತ್ತರ: 'ಬ್ಯಾಚ್ ಬೇರೆ ಬೇರೆ ಇರುತ್ತೆ ಮೇಡಂ.' ಎರಡನೆಯದು: 'ಓಪನ್ ಆದ ಪ್ಯಾಕೆಟ್ ವಾಪಸ್ ಇಲ್ಲ.' ಓಪನ್ ಮಾಡದೆ ಗೊತ್ತಾಗೋದು ಹೇಗಪ್ಪಾ? ಮೂರನೆಯದು ಕೇಳಿ: 'ನಿಂಬೆಹಣ್ಣು ಯಾಕೆ ಹಾಕಿದ್ರಿ, ಅದಕ್ಕೇ ಹಾಳಾಗಿದೆ.' ಇದನ್ನು ಓದಿ ನನ್ನ ಕೈ ನಡುಗಿತು. ಆಮೇಲೆ ಬ್ಲಾಕ್.

ಡಾಕ್ಟರು ಹೆಚ್ಚಾಗಿ ಹಸು, ನಾಯಿ ನೋಡೋರು. ಆದರೂ ತಾಳ್ಮೆಯಿಂದ ಕಣ್ಣು ತೊಳೆದು ಡ್ರಾಪ್ಸ್ ಕೊಟ್ಟರು. ವಾರದಲ್ಲಿ ಸರಿಹೋಯಿತು. ಆದರೆ ಗುಂಡನಿಗೆ ಬಟ್ಟಲು ಕಂಡರೇ ಭಯ. ಮೊದಲಿಂದ ಕಲಿಸಬೇಕಾಯಿತು. ಗೊತ್ತಿದ್ದವರಿಂದ ಸರಿಯಾದ ಪುಡಿ ತಂದು, ಅಗಲ ಬಾಯಿಯ ಭಾರದ ಭರಣಿಯಲ್ಲಿ ಎರಡು ಬೆರಳು ಆಳ ಹಾಕಿ, ಸಂಜೆ ಅವನು ಎದ್ದ ಮೇಲೆ ಇಟ್ಟು ದೂರ ಕೂರುತ್ತಿದ್ದೆ. ಹಿಡಿದು ಒಳಗೆ ಹಾಕಲಿಲ್ಲ. ಗಾಬರಿಯಾದರೆ ಕೂದಲು ಗೊಂಚಲಾಗಿ ಉದುರಿಸಿಬಿಡುತ್ತವೆ. ಆರನೇ ಸಂಜೆ ಮುಂಗಾಲು ಇಟ್ಟ. ಎಂಟನೇ ದಿನ ಹೊರಳಿದ, ನನ್ನ ಕನ್ನಡಕದ ಮೇಲೆಲ್ಲ ಧೂಳು.

ಈಗ ವಾರಕ್ಕೆ ಎರಡು ಮೂರು ಸಲ, 10-15 ನಿಮಿಷ, ಆಮೇಲೆ ಬಟ್ಟಲು ಹೊರಗೆ. ದಿನವಿಡೀ ಬಿಟ್ಟರೆ ಚರ್ಮ ಒಣಗುತ್ತೆ, ಕಣ್ಣಿಗೂ ಕೆಟ್ಟದ್ದು. ಹೊಳೆ ಮರಳು ಬೇಡ, ಮಕ್ಕಳ ಪೌಡರಂತೂ ಬೇಡವೇ ಬೇಡ, ಶ್ವಾಸಕ್ಕೆ ಹೋಗುತ್ತೆ. ಪುಡಿ ಬಂದ ಕೂಡಲೇ ನಿಂಬೆರಸ ಹಾಕಿ ನೋಡಿ. ನೊರೆ ಬಂದರೆ ಮೋಸ. ಬರಲಿಲ್ಲ ಅಂದ ಮಾತ್ರಕ್ಕೆ ಒಳ್ಳೇದು ಅಂತಲ್ಲ, ಟಾಲ್ಕಮ್ ಆದರೂ ಬರಲ್ಲ. ಮುಂಗಡ ಮಾತ್ರ ಕೊಡಬೇಡಿ, ಎಷ್ಟು 'ಮೇಡಂ, ಮೇಡಂ' ಅಂದರೂ.

ಉಳಿದ ಮುಕ್ಕಾಲು ಕೆಜಿಯಲ್ಲಿ ಅಮ್ಮ ಶುಕ್ರವಾರ ಬಾಗಿಲಿಗೆ ಚುಕ್ಕಿ ರಂಗೋಲಿ ಹಾಕಿದರು. ಚೆನ್ನಾಗೇ ಬಂತು. ಅದೇ ಸಿಟ್ಟು ನನಗೆ.