ಕೆ10, ಕೆ12, ಕೆ15: ಮಾರುತಿ ಕೆ ಸೀರೀಸ್ ಇಂಜಿನ್‌ಗಳನ್ನ ಓಡಿಸಿದವನ ಅಭಿಪ್ರಾಯ

ಮೊನ್ನೆ ಅಕ್ಕನ ಮಗ ಹೊಸ ಸ್ವಿಫ್ಟ್ ತಗೊಂಡು ಬಂದು ಮನೆ ಮುಂದೆ ನಿಲ್ಲಿಸಿ, "ಒಂದು ರೌಂಡ್ ಓಡಿಸಿ ನೋಡಿ ಮಾಮ" ಅಂದ. ಸ್ಟಾರ್ಟ್ ಮಾಡಿದ ಎರಡೇ ಸೆಕೆಂಡಿಗೆ ಗೊತ್ತಾಯ್ತು, ಇದು ಮೂರು ಸಿಲಿಂಡರ್ ಗಾಡಿ. ಅವನಿಗೆ ಗೊತ್ತೇ ಇಲ್ಲ! ಸ್ಕ್ರೀನ್ ಎಷ್ಟು ಇಂಚು ಅಂತ ಕೇಳಿದ್ರೆ ಬಾಯಿಪಾಠ, ಇಂಜಿನ್ ಯಾವ್ದೋ ಅಂದ್ರೆ "ಪೆಟ್ರೋಲ್" ಅಂತಾನೆ. ಅವನಿಗೆ ಹೇಳೋಕೆ ಕೂತಿದ್ದು ಉದ್ದ ಆಯ್ತು, ಅದನ್ನೇ ಇಲ್ಲಿ ಬರೀತಿದೀನಿ. ಸೆಕೆಂಡ್ ಹ್ಯಾಂಡ್ ಮಾರುತಿ ಹುಡುಕ್ತಾ ಇರೋರಿಗೆ ಉಪಯೋಗ ಆಗಬಹುದು.

ನಾನು 2010ರಲ್ಲಿ ಆಲ್ಟೋ ಕೆ10 ತಗೊಂಡೆ, ಏಳು ವರ್ಷ ಓಡಿಸಿದೆ, ಆಮೇಲೆ ಯಾರೋ ಇಟ್ಟಿದ್ದ 2012ರ ಸ್ವಿಫ್ಟ್ ಪೆಟ್ರೋಲ್, ಅದು ಇವತ್ತಿಗೂ ನನ್ನ ಹತ್ರಾನೇ ಇದೆ. ಭಾವನ ಹತ್ರ ಎರ್ಟಿಗಾ ಇದೆ, 1.5 ಲೀಟರ್, ಕುಟುಂಬ ಸಮೇತ ಎಲ್ಲಿಗಾದ್ರೂ ಹೋಗೋದಿದ್ರೆ ಸ್ಟೀರಿಂಗ್ ನನಗೇ ಕೊಡ್ತಾರೆ. ಹಾಗಾಗಿ ಮಾರುತಿ ಕೆ ಸೀರೀಸ್ ಅನ್ನೋ ಪೆಟ್ರೋಲ್ ಇಂಜಿನ್ ಮನೆತನದ ಚಿಕ್ಕದು (ಕೆ10, 1 ಲೀಟರ್), ನಡುವಿನದು (ಕೆ12, 1.2 ಲೀಟರ್), ದೊಡ್ಡದು (ಕೆ15, 1.5 ಲೀಟರ್) ಮೂರೂ ಕೈಗೆ ಸಿಕ್ಕಿವೆ.

ಕೆ ಸೀರೀಸ್ ಬರೋ ಮುಂಚೆ ಏನಿತ್ತು ಅಂತ ನೆನಪಿದ್ರೆ ಮಾತ್ರ ಇದರ ಬೆಲೆ ಗೊತ್ತಾಗೋದು. ಮಾರುತಿ 800, ಹಳೇ ಆಲ್ಟೋದಲ್ಲಿ ಇದ್ದಿದ್ದು 796 ಸಿಸಿ ಮೂರು ಸಿಲಿಂಡರ್, ಎಫ್8 ಮನೆತನದ್ದು. ಹಳೇ ವ್ಯಾಗನ್ ಆರ್‌ನಲ್ಲಿ 1061 ಸಿಸಿ ನಾಲ್ಕು ಸಿಲಿಂಡರ್, ಎಫ್10ಡಿ. ಲೆಕ್ಕ ಹಾಕಿ ನೋಡಿದ್ರೆ ಎರಡರಲ್ಲೂ ಒಂದೊಂದು ಸಿಲಿಂಡರೂ ಒಂದೇ ಅಳತೆ, 68.5 ಮಿ.ಮೀ. ಬೋರ್ (ಸಿಲಿಂಡರ್ ಒಳಗಿನ ಅಗಲ), 72 ಮಿ.ಮೀ. ಸ್ಟ್ರೋಕ್ (ಪಿಸ್ಟನ್ ಮೇಲೆ ಕೆಳಗೆ ಓಡೋ ದೂರ), ಅಂದ್ರೆ ಒಂದು ಸಿಲಿಂಡರ್ ಜಾಸ್ತಿ ಸೇರಿಸಿದ್ರು, ದೊಡ್ಡ ಇಂಜಿನ್ ಆಯ್ತು, ಅಷ್ಟೇ. ಕೆ ಸೀರೀಸ್‌ನಲ್ಲಿ ಇನ್ನೊಂದು ಥರ. ಬೋರ್ 73 ಮಿ.ಮೀ. ಹಾಗೇ ಇಟ್ಕೊಂಡು ಸ್ಟ್ರೋಕ್ ಬದಲಾಯಿಸ್ತಾ ಹೋದ್ರು: ಕೆ12ಕ್ಕೆ 71.5, ಕೆ10ಬಿಗೆ (ಮೊದಲ ಕೆ10) 79.5, ಮೊದಲ ಎರ್ಟಿಗಾದ ಕೆ14ಕ್ಕೆ 82. 2018ರಲ್ಲಿ ಸಿಯಾಜ್ ಜೊತೆ ಕೆ15 ಬಂದಾಗ ಮಾತ್ರ ಬೋರ್ 74 ಆಯ್ತು, ಸ್ಟ್ರೋಕ್ 85. ಇದನ್ನೆಲ್ಲಾ ಯಾಕೆ ಹೇಳ್ತಿದೀನಿ ಅಂದ್ರೆ, ಓಡಿಸುವಾಗ ಕಾಲಿಗೆ ಗೊತ್ತಾಗೋ ವ್ಯತ್ಯಾಸ ಅರ್ಧ ಇಲ್ಲೇ ಇದೆ, ಇನ್ನರ್ಧ ಸಿಲಿಂಡರ್ ಎಷ್ಟು ಅನ್ನೋದ್ರಲ್ಲಿ.

ಮೊದಲು ಕೆ10ಬಿ. 2008ರ ಕೊನೇಲಿ ಎ-ಸ್ಟಾರ್ ಜೊತೆ ಬಂತು, ಎ-ಸ್ಟಾರ್ ಅಂತ ಒಂದು ಗಾಡಿ ಇತ್ತು ಅನ್ನೋದೇ ಈಗ ಯಾರಿಗೂ ನೆನಪಿಲ್ಲ ಪಾಪ. 998 ಸಿಸಿ, ಸುಮಾರು 68 ಪಿಎಸ್, 90 ನ್ಯೂಟನ್ ಮೀಟರ್ ಟಾರ್ಕ್, ಅಂದ್ರೆ ಚಕ್ರ ತಿರುಗಿಸೋ ಬಲ. ಹಳೇ 1061 ಸಿಸಿಗಿಂತ ಒಂದು ಸಿಲಿಂಡರ್ ಕಮ್ಮಿ, 63 ಸಿಸಿ ಕಮ್ಮಿ, ಆದ್ರೂ ಪವರ್ ಒಂದು ಗುಲಗಂಜಿ ಜಾಸ್ತೀನೇ, ಟಾರ್ಕ್ 84ರಿಂದ 90ಕ್ಕೆ. ಆ ಟಾರ್ಕ್ ಪೂರ್ತಿ ಸಿಗೋದು ಇಂಜಿನ್ ನಿಮಿಷಕ್ಕೆ 3500 ಸುತ್ತು ತಿರುಗಿದಾಗ, ಅಂದ್ರೆ 3500 ಆರ್‌ಪಿಎಂಗೆ, ಅದೇ ಕೆ12ದು 4000 ದಾಟಬೇಕು. ಅದನ್ನ ಆಲ್ಟೋ ಥರ ಹಗುರ ಗಾಡೀಲಿ ಕೂರಿಸಿದ್ರಲ್ಲ, ಸೆಕೆಂಡ್ ಗೇರಲ್ಲಿ ಬಸ್ಸಿನ ಪಕ್ಕ ಸರ್ರಂತ ಹೋಗೋದು. ಹಿಂದಿನ ಡ್ರೈವರ್‌ಗೆ ಆಲ್ಟೋ ಅಂತ ಒಂದು ಅಸಡ್ಡೆ ಇರುತ್ತೆ ನೋಡಿ, ಅವನು ನೋಡ್ತಾ ಇರ್ಬೇಕಾದ್ರೇ ನಾವು ಮುಂದೆ!

ತೊಂದರೆ ಇಲ್ವಾ ಅಂದ್ರೆ ಇದೆ. ಸಿಗ್ನಲ್‌ನಲ್ಲಿ ನಿಂತಾಗ ಗೇರ್ ಲಿವರ್ ಸಣ್ಣಗೆ ನಡುಗುತ್ತೆ, ಎಸಿ ಕಂಪ್ರೆಸರ್ ಆನ್ ಆದ್ರೆ ಇನ್ನೂ ಸ್ವಲ್ಪ. ನಾಲ್ಕು ಸಿಲಿಂಡರ್‌ನಲ್ಲಿ ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸೋ ದಂಡ) ಅರ್ಧ ಸುತ್ತು ತಿರುಗಿದ್ರೆ ಒಂದು ಫೈರಿಂಗ್, ಅಂದ್ರೆ ಪೆಟ್ರೋಲ್ ಹೊತ್ಕೊಳ್ಳೋದು, ಮೂರರಲ್ಲಿ 240 ಡಿಗ್ರಿಗೊಂದು, ನಡುವೆ ಗ್ಯಾಪ್ ಜಾಸ್ತಿ. ಜೊತೆಗೆ ಮೂರು ಪಿಸ್ಟನ್ ಮೇಲೆ ಕೆಳಗೆ ಆಗುವಾಗ ಇಂಜಿನ್ ಒಂದು ತುದಿಯಿಂದ ಇನ್ನೊಂದು ತುದಿಗೆ ತೊಟ್ಟಿಲ ಥರ ತೂಗುತ್ತೆ. ರಬ್ಬರ್ ಮೌಂಟ್ ಎಷ್ಟು ಒಳ್ಳೇದು ಹಾಕಿದ್ರೂ ಪೂರ್ತಿ ಮುಚ್ಚಿಡೋಕಾಗಲ್ಲ. ಓಡ್ತಾ ಇದ್ರೆ ಗೊತ್ತಾಗಲ್ಲ, ನಿಂತಾಗ ಗೊತ್ತಾಗುತ್ತೆ, ಹೆದ್ದಾರೀಲಿ ನಾಲ್ಕು ಗಂಟೆ ಓಡಿಸಿ ಇಳಿದಾಗ ಅಂಗೈಗೆ ಗೊತ್ತಾಗುತ್ತೆ.

ಇನ್ನು ಕೆ12. ನನ್ನ ಮಟ್ಟಿಗೆ ಈ ಮನೆತನದ ಯಜಮಾನ ಇದೇ. 2009ರಲ್ಲಿ ರಿಟ್ಜ್ ಜೊತೆ ಬಂತು, ಮುಂದಿನ ವರ್ಷ ಸ್ವಿಫ್ಟ್‌ಗೆ, 2011ರ ಸ್ವಿಫ್ಟ್‌ನಲ್ಲಿ ವಿವಿಟಿ (ವಾಲ್ವ್ ತೆರೆಯೋ ಹೊತ್ತನ್ನ ಬೇಕಾದ ಹಾಗೆ ಬದಲಾಯಿಸೋ ವ್ಯವಸ್ಥೆ) ಸೇರ್ಕೊಂಡು 87 ಪಿಎಸ್ ಆಯ್ತು. 1197 ಸಿಸಿ. ಈ 1197 ಅನ್ನೋ ನಂಬರ್ ಸುಮ್ನೆ ಬಂದಿದ್ದಲ್ಲ, ನಾಲ್ಕು ಮೀಟರ್ ಒಳಗಿನ ಗಾಡಿ, ಪೆಟ್ರೋಲ್ ಇಂಜಿನ್ 1200 ಸಿಸಿ ಒಳಗೆ ಇದ್ರೆ ತೆರಿಗೆ ಕಮ್ಮಿ ಅನ್ನೋ ನಿಯಮ ನಮ್ಮಲ್ಲಿದೆ. ಇದೇ ಕೆ12 ಜಪಾನಲ್ಲಿ 1242 ಸಿಸಿಗೂ ಬಂತು, ನಮಗೆ ಮಾತ್ರ 1197. ಬೋರ್ 73, ಸ್ಟ್ರೋಕ್ 71.5, ಎರಡೂ ಹತ್ರ ಹತ್ರ ಸಮ, ಹಾಗಾಗಿ ಎಷ್ಟು ತಿರುಗಿಸಿದ್ರೂ ಖುಷಿಯಾಗಿ ತಿರುಗುತ್ತೆ. 5000 ದಾಟಿದ್ರೂ ಕಿರುಚಲ್ಲ, ಹಾಡುತ್ತೆ. ಸಿಗ್ನಲ್‌ನಲ್ಲಿ ಆಫ್ ಆಗಿದ್ಯೇನೋ ಅಂದ್ಕೊಂಡು ಚಾಲೂ ಇರೋ ಗಾಡಿಗೆ ಮತ್ತೆ ಸೆಲ್ಫ್ ಹೊಡೆದು ಕರ್ರ್ ಅನ್ಸಿದೀನಿ ನಾನು, ಒಂದಲ್ಲ ಮೂರು ಸಲ.

ಆದ್ರೆ 2000 ಆರ್‌ಪಿಎಂ ಕೆಳಗೆ ಇದರಿಂದ ಜಾಸ್ತಿ ನಿರೀಕ್ಷೆ ಇಟ್ಕೋಬೇಡಿ. ನಾಲ್ಕು ಜನ ಕೂತು, ಎಸಿ ಹಾಕಿ, ಘಾಟಿ ಹತ್ತುವಾಗ ಥರ್ಡಲ್ಲೇ ಎಳೆಯುತ್ತೆ ಅಂತ ಮೊಂಡು ಹಿಡಿದ್ರೆ ಗಾಡಿ ಉಸಿರು ಬಿಡುತ್ತೆ. ಸೆಕೆಂಡಿಗೆ ಇಳಿಸಿ, ಆಕ್ಸಿಲರೇಟರ್ ಒತ್ತಿ, ಹೆದರಬೇಡಿ, ಇಂಜಿನ್‌ಗೆ ಏನೂ ಆಗಲ್ಲ. ಡೀಸೆಲ್ ಓಡಿಸಿ ಅಭ್ಯಾಸ ಇರೋರು ಇದನ್ನ ಓಡಿಸಿ "ಪಿಕಪ್ಪೇ ಇಲ್ಲ" ಅಂತಾರಲ್ಲ, ಅವರು ಗೇರ್ ಇಳಿಸಲ್ಲ, ಅದೇ ವಿಷಯ.

2019ರಲ್ಲಿ ಬಲೆನೋಗೆ, 2021ರಲ್ಲಿ ಸ್ವಿಫ್ಟ್‌ಗೆ ಡ್ಯೂಯಲ್‌ಜೆಟ್ ಬಂತು, ಕೆ12ಎನ್. ಒಂದೊಂದು ಸಿಲಿಂಡರ್‌ಗೂ ಎರಡೆರಡು ಇಂಜೆಕ್ಟರ್, ವಾಲ್ವ್ ಹತ್ರಾನೇ ಕೂರಿಸಿರ್ತಾರೆ, ಪೆಟ್ರೋಲ್ ಇನ್ನೂ ಸಣ್ಣ ಹನಿಯಾಗಿ ಒಳಗೆ ಹೋಗಿ ಚೆನ್ನಾಗಿ ಆವಿ ಆಗುತ್ತೆ. ಒಳಗೆ ತಂಪು ಜಾಸ್ತಿ ಇರೋದ್ರಿಂದ ಕಂಪ್ರೆಷನ್ (ಗಾಳಿ ಪೆಟ್ರೋಲ್ ಮಿಶ್ರಣ ಅದುಮೋ ಪ್ರಮಾಣ) 12:1ಕ್ಕೆ ಏರಿಸಿದ್ರೂ ನಾಕಿಂಗ್, ಅಂದ್ರೆ ಪೆಟ್ರೋಲ್ ತಾನಾಗೇ ಹೊತ್ಕೊಂಡು ಇಂಜಿನ್ ಬಡ್ಕೊಳ್ಳೋದು, ಹತೋಟೀಲಿ ಇರುತ್ತೆ. 90 ಪಿಎಸ್, ಮೈಲೇಜೂ ಮೇಲೆ. ನಾಲ್ಕು ಸಿಲಿಂಡರ್ ನಯ, ಹೊಸ ಕಾಲದ ಮೈಲೇಜ್ ಎರಡೂ ಬೇಕು ಅನ್ನೋರು ಇದನ್ನ ಹುಡುಕಿ. ನಿಂತಾಗ ತಾನೇ ಆಫ್ ಆಗೋ ಐಡಲ್ ಸ್ಟಾಪ್ ಒಂದು ನನಗೆ ಆಗಿಬರಲ್ಲ, ಗಾಡಿ ಹತ್ತಿದ ತಕ್ಷಣ ಬಟನ್ ಒತ್ತಿ ತೆಗೆದುಬಿಡ್ತೀನಿ.

ಕೆ15 ಬಗ್ಗೆ ಜಾಸ್ತಿ ಹೇಳೋದಿಲ್ಲ. 1462 ಸಿಸಿ, 105 ಪಿಎಸ್, 138 ನ್ಯೂಟನ್ ಮೀಟರ್, ಒಳ್ಳೇ ಇಂಜಿನ್ನು, ಏಳು ಜನ ಕೂತ್ರೂ ಗೊಣಗದೆ ಹೋಗುತ್ತೆ, ಆದ್ರೆ ಓಡಿಸಿ ಮಜಾ ಬಂತು ಅಂತ ಯಾವತ್ತೂ ಅನ್ಸಿಲ್ಲ. ಮಜಾ ಬೇಕಾದ್ರೆ 1 ಲೀಟರ್ ಬೂಸ್ಟರ್‌ಜೆಟ್ ಟರ್ಬೋ ಇದೆ, 2017ರ ಬಲೆನೋ ಆರ್‌ಎಸ್‌ನಲ್ಲಿ ಬಂದು, ಬಿಎಸ್6 ಅನ್ನೋ ಹೊಗೆ ನಿಯಮ ಬರೋ ಹೊತ್ತಿಗೆ ಮಾಯ ಆಗಿ, 2023ರಲ್ಲಿ ಫ್ರಾಂಕ್ಸ್‌ನಲ್ಲಿ ವಾಪಸ್ ಬಂತು. 2000 ಆರ್‌ಪಿಎಂಗೇ ಟಾರ್ಕ್ ಪೂರ್ತಿ, ಓವರ್‌ಟೇಕ್ ಮಾಡುವಾಗ ಗೇರ್ ಮುಟ್ಟೋದೇ ಬೇಡ. ಕಾಲು ಹತೋಟೀಲಿ ಇಲ್ದೋರಿಗೆ ಮೈಲೇಜ್ ಮಾತ್ರ ಸಿಗಲ್ಲ.

ಈಗ ನಿಜವಾಗ್ಲೂ ಮುಖ್ಯವಾದ ವಿಷಯ, ಟೈಮಿಂಗ್ ಚೈನ್, ಅಂದ್ರೆ ಪಿಸ್ಟನ್ ಓಡಾಟಕ್ಕೆ ಸರಿಯಾಗಿ ವಾಲ್ವ್ ತೆರೆದು ಮುಚ್ಚೋ ಹಾಗೆ ನೋಡ್ಕೊಳ್ಳೋ ಸರಪಳಿ. ಹಳೇ ಇಂಜಿನ್‌ಗಳಲ್ಲಿ ಬೆಲ್ಟ್ ಇತ್ತು, ಇಷ್ಟು ಕಿಲೋಮೀಟರ್‌ಗೆ ಬದಲಾಯಿಸ್ಲೇಬೇಕು. ಕೆ ಸೀರೀಸ್‌ನಲ್ಲಿ ಚೈನ್ ಇದೆ, ಬದಲಾಯಿಸೋ ಲೆಕ್ಕ ಇಲ್ಲ ಅಂತ ಎಲ್ರೂ ಹೇಳ್ತಾರೆ, ನಾನೂ ಹಂಗೇ ನಂಬ್ಕೊಂಡು ಆಲ್ಟೋಗೆ ಒಂದು ವರ್ಷ ಆಯಿಲ್ ಬದಲಾಯಿಸ್ದೇ ಓಡಿಸಿದೆ. ತಪ್ಪು ನಂದೇ. ಬೆಳಿಗ್ಗೆ ಸ್ಟಾರ್ಟ್ ಮಾಡಿದ್ರೆ ಎರಡು ಮೂರು ಸೆಕೆಂಡ್ ಗರಗರ ಅನ್ನೋಕೆ ಶುರು. ಚೈನ್ ಬಿಗಿಯಾಗಿ ಇಡೋ ಟೆನ್ಷನರ್ ಕೆಲಸ ಮಾಡೋದೇ ಆಯಿಲ್ ಪ್ರೆಷರ್ ಮೇಲೆ, ಆಯಿಲ್ ಕೆಟ್ಟು ಗಸಿ ಆದ್ರೆ ಅಲ್ಲಿಗೆ ಸರಿಯಾಗಿ ಹೋಗಲ್ಲ, ಚೈನ್ ಸಡಿಲ ಬಿದ್ದು ಬಡ್ಕೊಳ್ಳುತ್ತೆ. ಮೆಕ್ಯಾನಿಕ್ ಬಾನೆಟ್ ಎತ್ತಿ, ಡಿಪ್‌ಸ್ಟಿಕ್ ಎಳೆದು ನೋಡಿ, "ಸಾರ್, ಇದು ಆಯಿಲ್ಲಾ ಕಾಕಂಬಿನಾ?" ಅಂದ. ನಾಚಿಕೆ ಆಯ್ತು.

ಇನ್ನೊಂದು, ಹಳೇ ಅಭ್ಯಾಸದಲ್ಲಿ ದಪ್ಪ ಆಯಿಲ್ ಹಾಕಿಸ್ಬೇಡಿ. ಈ ಇಂಜಿನ್‌ಗಳು ತೆಳು ಆಯಿಲ್‌ಗೆ ಅಂತಾನೇ ಮಾಡಿರೋದು, ಮ್ಯಾನ್ಯುಯಲ್‌ನಲ್ಲಿ ಯಾವ ಗ್ರೇಡ್ ಬರೆದಿದೆಯೋ ಅದೇ ಇರ್ಲಿ, ಯಾರು ಏನೇ ಹೇಳಿದ್ರೂ.

ಸೆಕೆಂಡ್ ಹ್ಯಾಂಡ್ ನೋಡೋಕೆ ಹೋದ್ರೆ ಇಂಜಿನ್ ತಣ್ಣಗಿರುವಾಗ್ಲೇ ಹೋಗಿ. ಮಾರೋರು ನೀವು ಬರೋ ಮುಂಚೆ ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟಿದ್ರೆ ನಾಳೆ ಬರ್ತೀನಿ ಅಂತ ಹೇಳಿ ಬನ್ನಿ. ಬಾನೆಟ್ ಮೇಲೆ ಕೈ ಇಟ್ರೆ ಗೊತ್ತಾಗುತ್ತೆ. ಮೊದಲ ಮೂರು ಸೆಕೆಂಡ್ ಮಾತಾಡದೆ ಕಿವಿ ಕೊಡಿ, ಆಮೇಲೆ ಆಯಿಲ್ ಕ್ಯಾಪ್ ಬಿಚ್ಚಿ ಒಳಗೆ ಕಪ್ಪು ಅಂಟು ಇದ್ಯಾ ನೋಡಿ. ಊರೊಳಗೇ ಓಡಾಟ ಅಂದ್ರೆ ಕೆ10 ಸಾಕು, ಹೆದ್ದಾರಿ ಜಾಸ್ತಿ ಇದ್ರೆ ಕೆ12, ಡ್ಯೂಯಲ್‌ಜೆಟ್ ಸಿಕ್ರೆ ಕಣ್ಣು ಮುಚ್ಕೊಂಡು ತಗೊಳ್ಳಿ, ಕಣ್ಣು ಮುಚ್ಕೊಂಡು ಅಂದ್ರೆ ಮೇಲೆ ಹೇಳಿದ್ದೆಲ್ಲಾ ನೋಡಿದ ಮೇಲೆ.

ಅಕ್ಕನ ಮಗನ ಗಾಡೀಲಿ ಇರೋದು ಕೆ ಅಲ್ಲ, 2024ರ ಸ್ವಿಫ್ಟ್‌ಗೆ ಬಂದ ಝಡ್12ಇ. ಸಿಸಿ ಅದೇ 1197, ಆದ್ರೆ ಮೂರೇ ಸಿಲಿಂಡರ್, 82 ಪಿಎಸ್. ಮ್ಯಾನ್ಯುಯಲ್‌ಗೆ ಕಂಪನಿ ಹೇಳೋ ಮೈಲೇಜ್ 22.38ರಿಂದ 24.8ಕ್ಕೆ ಏರಿದೆ, ಅದು ಸಣ್ಣ ವಿಷಯ ಅಲ್ಲ. ಊರೊಳಗೆ ನನ್ನ ಸ್ವಿಫ್ಟ್‌ಗಿಂತ ಚುರುಕಾಗೇ ಎಳೆಯಿತು, ಒಪ್ಕೋಬೇಕು. ರೌಂಡ್ ಮುಗಿಸಿ ಬಂದು ಕೀ ಕೊಟ್ಟೆ, "ಹೆಂಗಿದೆ ಮಾಮ?" ಅಂದ. ಚೆನ್ನಾಗಿದೆ ಕಣೋ ಅಂದು ನನ್ನ ಹಳೇದನ್ನ ಸ್ಟಾರ್ಟ್ ಮಾಡಿ ಅವನ ಕೈ ಗೇರ್ ಲಿವರ್ ಮೇಲೆ ಇಡಿಸಿದೆ. ಒಂದು ನಿಮಿಷ ಸುಮ್ನಿದ್ದು, "ಇದು ಆನ್ ಇದ್ಯಾ?" ಅಂತ ಕೇಳಿದ.